ಕೆತ್ತನೆ ಮಷಿನ್ನಿನ ಮೆಹರೀನ

ಹಗರಿಬೊಮ್ಮನಹಳ್ಳಿಯಲ್ಲಿ ಶೇಖಾವಲಿ ಸಾಬರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಕೊಟ್ಟೂರು ರಸ್ತೆಯಲ್ಲಿ ಮುಂದೆ ತಗಡಿನ ಶೆಡ್ಡು, ಹಿಂದೆ ಮನೆ. ಸುತ್ತಲಿನ ಊರುಗಳಲ್ಲಿ ಹೊಸ ಮನೆ ಕಟ್ಟಿಸಿದವರು ದೇವರಕೋಣೆಗೆ ಕೆತ್ತನೆಯ ಬಾಗಿಲು ಬೇಕೆಂದರೆ ಅಲ್ಲಿಗೇ ಬರುತ್ತಿದ್ದರು. ಬಸವಣ್ಣ, ಗಣಪತಿ, ನವಿಲು, ಬಳ್ಳಿ, ಏನು ಹೇಳಿದರೂ ಸಾಬರು ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುವರು. ಗಿರಾಕಿ ತಲೆಯಾಡಿಸಿದ ಮೇಲೆಯೇ ಉಳಿ ಕೈಗೆ ಬರುವುದು.

ಮೆಹರೀನ ಅವರ ಮಗಳು, ಇಬ್ಬರು ಮಕ್ಕಳಲ್ಲಿ ಹಿರಿಯಳು. ಹಡಗಲಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಬಿಸಿಎ ಮುಗಿಸಿದವಳು. ಹರಪನಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಆ ಮನೆಯಲ್ಲಿ ಜಗಳವೇನೂ ಇರಲಿಲ್ಲ, ಮಾತೂ ಇರಲಿಲ್ಲ. ಕೊನೆಗೆ ಎರಡೂ ಕಡೆಯ ಹಿರಿಯರು ಕೂತು ಬಿಡುಗಡೆ ಮಾಡಿಸಿದರು. ವಾಪಸು ಬಂದ ದಿನ ತಾಯಿ ಮುನ್ನೀ ಬೀ ಅವಳನ್ನು ತಬ್ಬಿಕೊಂಡು ಅತ್ತರೆ, ಮೆಹರೀನ ತಾಯಿಯ ಭುಜದ ಮೇಲಿಂದ ಹಿತ್ತಲಿನ ಹಗ್ಗದ ಕಡೆ ನೋಡುತ್ತ, ಮಳೆ ಬರುವ ಹಾಗಿದೆ, ಬಟ್ಟೆ ತೆಗೆಯಬೇಕು ಎಂದಳಂತೆ. ಆಮೇಲೆ ತಾಲ್ಲೂಕು ಕಚೇರಿಯ ಎದುರಿಗೆ ಒಂದು ಡಿಟಿಪಿ ಅಂಗಡಿ ಇಟ್ಟು, ಅರ್ಜಿ, ಲಗ್ನಪತ್ರಿಕೆ, ಝೆರಾಕ್ಸು ಎಂದು ದಿನ ಕಳೆಯತೊಡಗಿದಳು.

ಕೆತ್ತನೆ ಮಷಿನ್ನು ತಂದವನು ತಮ್ಮ ತೌಹೀದ. ಹುಬ್ಬಳ್ಳಿಯ ಕಡೆ ಯಾರೋ ಕಾರ್ಖಾನೆ ಮುಚ್ಚುವಾಗ ಮಾರಿದ ಹಳೆಯ ಮಷಿನ್ನು. ಮಂಚದಷ್ಟು ಅಗಲದ ಕಬ್ಬಿಣದ ಮೇಜು, ಅದರ ಮೇಲೆ ಅತ್ತಿತ್ತ ಓಡಾಡುವ ತೋಳು, ತೋಳಿನ ತುದಿಯಲ್ಲಿ ಗಿರ್ರನೆ ತಿರುಗುತ್ತ ಮರ ಕೊರೆಯುವ ಉಕ್ಕಿನ ಮೊನೆ, ಅದಕ್ಕೆ ಬಿಟ್ಟು ಎನ್ನುತ್ತಾರೆ. ಪಕ್ಕದಲ್ಲಿ ಅದನ್ನು ನಡೆಸುವ ಕಂಪ್ಯೂಟರು. ಅದರಲ್ಲಿ ಮೂಲ ತಂತ್ರಾಂಶವಾಗಿ ಇದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್. ಸಾಬರು ಮೊದಮೊದಲು ಆ ಕಡೆ ಮುಖವನ್ನೇ ಹಾಕಲಿಲ್ಲ. ಮಷಿನ್ನು ಕೆತ್ತಿದ ನವಿಲಿಗೆ ಕಣ್ಣು ಸತ್ತಿರುತ್ತದೆ ಎಂದು ಒಂದು ದಿನ ಹೇಳಿದರು. ಹಾಗಾದರೆ ಕಣ್ಣು ನೀವು ಮಾಡಿರಿ ಅಬ್ಬಾ, ಉಳಿದದ್ದನ್ನು ಅದು ಮಾಡಲಿ ಎಂದ ತೌಹೀದ. ಅಲ್ಲಿಂದ ಕೆಲಸ ಮೂರು ಪಾಲಾಯಿತು. ಸಾಬರು ಕಾಗದದ ಮೇಲೆ ಚಿತ್ರ ಬರೆಯುವುದು, ಮೆಹರೀನ ಅದನ್ನು ತನ್ನ ಅಂಗಡಿಯಲ್ಲಿ ಕಂಪ್ಯೂಟರಿಗೆ ಇಳಿಸಿಕೊಡುವುದು, ತೌಹೀದ ಮಷಿನ್ನು ಓಡಿಸುವುದು. ಬಿಟ್ಟಿನ ಮೊನೆ ಹೋಗಲಾರದ ಸಂದುಗಳಿಗೆ, ಕಣ್ಣುಗಳಿಗೆ, ಮತ್ತೆ ಸಾಬರ ಉಳಿ. ಮನೆಯಲ್ಲಿ ಉರ್ದು ಆಡಿದರೂ ಶೆಡ್ಡಿನೊಳಗೆ ಬಂದರೆ ಮೂವರ ಬಾಯಲ್ಲೂ ಕನ್ನಡವೇ. ಗಿರಾಕಿಗಳ ಜೊತೆ ಆಡಿ ಆಡಿ ಕೆಲಸದ ಮಾತು ಆ ಭಾಷೆಯಲ್ಲೇ ನಿಂತುಬಿಟ್ಟಿತ್ತು.

ತೌಹೀದ ಹೋದದ್ದು ಕೊಟ್ಟೂರಿನಿಂದ ಬೈಕಿನಲ್ಲಿ ಬರುವಾಗ. ರಸ್ತೆಯ ಮೇಲೆ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರೊಂದು ಕೆಟ್ಟು ನಿಂತಿತ್ತು. ಕತ್ತಲೆ ಇನ್ನೂ ಪೂರ್ತಿ ಆಗಿರಲಿಲ್ಲ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಮಣ್ಣಾದ ಮೇಲೆ ಮನೆ ತುಂಬ ಜನ. ಹೆಂಗಸರು ಬಂದು ಮುನ್ನೀ ಬೀಯ ಪಕ್ಕ ಕೂತು ಅಳುವರು, ಅತ್ತು ಮುಗಿದ ಮೇಲೆ ಮೆಹರೀನಳ ಮುಖ ನೋಡುವರು. ಅವಳು ಚಹಾ ಕೊಡುತ್ತಿದ್ದಳು, ಲೋಟ ತೊಳೆಯುತ್ತಿದ್ದಳು. ಯಾರು ಏನು ಕೇಳಿದರೂ ಹೂಂ ಎನ್ನುತ್ತಿದ್ದಳು. ಊಟ ಆಯಿತೇ, ಹೂಂ. ಮಲಗುತ್ತೀಯಾ, ಹೂಂ. ಈ ಹುಡುಗಿ ಒಮ್ಮೆ ಬಾಯಿ ಬಿಟ್ಟು ಅಳದಿದ್ದರೆ ಏನಾದರೂ ಆಗಿಬಿಡುತ್ತದೆ ಎಂದು ಅರಸೀಕೆರೆಯಿಂದ ಬಂದ ಚಿಕ್ಕಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅದಕ್ಕೂ ಮೆಹರೀನ ಹೂಂ ಎಂದಳು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಮುನ್ನೀ ಬೀ ಮಗನ ಫೋಟೋ ಬೇಕೆಂದಳು. ಅವನ ಫೋನು ಬೈಕಿನ ಜೊತೆಗೇ ಪುಡಿಯಾಗಿತ್ತು. ಫೋಟೋಗಳನ್ನು ಅವನು ಶೆಡ್ಡಿನ ಕಂಪ್ಯೂಟರಿನಲ್ಲಿ ಹಾಕಿಡುತ್ತಿದ್ದ. ಮೆಹರೀನ ಹೋಗಿ ಅದನ್ನು ಚಾಲೂ ಮಾಡಿದಳು. ಫೋಟೋವನ್ನು ತನ್ನ ಫೋನಿಗೆ ಕಳಿಸಿಕೊಳ್ಳಲೆಂದು ಅದಕ್ಕೆ ಫೋನಿನಿಂದ ಇಂಟರ್‌ನೆಟ್ಟು ಕೊಟ್ಟಳು. ಪರದೆಯ ಮೇಲೆ ಒಂದು ಪೆಟ್ಟಿಗೆ ತೆರೆದು, ಈ ಲಿನಕ್ಸಿನ ಹೊಸ ಆವೃತ್ತಿ ಬಂದಿದೆ, ಹಾಕಲೇ ಎಂದು ಕೇಳಿತು. ಅದಕ್ಕೂ ಹೂಂ ಎಂದು ಒತ್ತಿದಳು. ಫೋಟೋ ಸಿಕ್ಕಿತು, ಕಂಪ್ಯೂಟರು ಮಾತ್ರ ತನ್ನ ಪಾಡಿಗೆ ಹೊಸದನ್ನು ಇಳಿಸಿಕೊಳ್ಳುತ್ತ ಕೂತಿತು. ಸಂಜೆ ಬಂದು ನೋಡಿದಾಗ ಮುಗಿದಿತ್ತು. ಬಂದ್ ಮಾಡಿ ಹೋದಳು.

ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆ ಆದ ಮೇಲೆ ಜನ ಕರಗಿದರು. ಒಂದು ಬೆಳಿಗ್ಗೆ ಸಾಬರು ಶೆಡ್ಡಿನ ಬಾಗಿಲು ತೆಗೆದು ಕಸ ಹೊಡೆದರು. ಹಿರೇಹಡಗಲಿಯ ವೀರಭದ್ರಯ್ಯನವರ ಮನೆಯ ದೇವರಕೋಣೆ ಬಾಗಿಲು ಅರ್ಧಕ್ಕೆ ನಿಂತಿತ್ತು. ಎರಡು ಕದಗಳಲ್ಲಿ ಒಂದನ್ನು ತೌಹೀದ ಮುಗಿಸಿದ್ದ. ಇನ್ನೊಂದರ ಸಾಗವಾನಿ ಹಲಗೆ ಗೋಡೆಗೆ ಒರಗಿಕೊಂಡಿತ್ತು. ಗೃಹಪ್ರವೇಶ ಹತ್ತಿರ ಬಂದರೂ ಆ ಅಯ್ಯನವರು ಒಂದು ಮಾತೂ ಕೇಳಿ ಕಳಿಸಿರಲಿಲ್ಲ.

“ಜೋಡಿ ಕದ ಬೇಟಿ. ಒಂದು ಅವನದು, ಇನ್ನೊಂದು ಬ್ಯಾರೆ ಕಡಿಯವ್ರದು ಆದ್ರ ಕೂಡಂಗಿಲ್ಲ,” ಎಂದರು ಸಾಬರು. “ಮಷಿನ್ ನಿನಗ ಬರ್ತೈತೇನು?”

ಮೆಹರೀನ ನೋಡುತ್ತೇನೆ ಎಂದಳು. ಹಟವೇನೂ ಇರಲಿಲ್ಲ. ಮನೆಯಲ್ಲಿ ಕೂತರೆ ಯಾರಾದರೂ ಬಂದು ಮುಖ ನೋಡುತ್ತಾರೆ, ಶೆಡ್ಡಿನಲ್ಲಿ ಯಾರೂ ನೋಡುವುದಿಲ್ಲ, ಅಷ್ಟೇ. ಡಿಟಿಪಿ ಅಂಗಡಿಯ ಬಾಗಿಲು ಹೇಗೂ ಮುಚ್ಚಿತ್ತು.

ಮಷಿನ್ನು ನಡೆಸುವ ತಂತ್ರಾಂಶ ತೆರೆಯಲು ಪರದೆಯ ಮೇಲಿನ ಅದರ ಗುರುತು ಒತ್ತಿದರೆ ಅದು ಒಮ್ಮೆ ಮಿನುಗಿ ಮಾಯವಾಗುತ್ತಿತ್ತು. ಮತ್ತೆ ಒತ್ತಿದಳು, ಮತ್ತೆ ಹಾಗೆಯೇ. ಕಾಲೇಜಿನಲ್ಲಿ ಒಂದು ವರ್ಷ ಕಲಿತು ಮರೆತಿದ್ದ ಲಿನಕ್ಸನ್ನು ನೆನಪಿಸಿಕೊಂಡು, ಕಪ್ಪು ಪರದೆಯ ಟರ್ಮಿನಲ್ ತೆರೆದು ಅಲ್ಲಿಂದ ಅದನ್ನು ಕರೆದಳು. ಆಗ ಅದು ಬಾಯಿ ಬಿಟ್ಟಿತು. ತನಗೆ ಇಂಥ ಹೆಸರಿನ, ಇಂಥ ನಂಬರಿನ ಲೈಬ್ರರಿ ಬೇಕು, ಅದು ಸಿಗುತ್ತಿಲ್ಲ.

ಲೈಬ್ರರಿ ಎಂದರೆ ಪುಸ್ತಕದ್ದಲ್ಲ. ಯಾವ ತಂತ್ರಾಂಶವೂ ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ಅಕ್ಷರ ಮೂಡಿಸುವುದು, ಲೆಕ್ಕ ಹಾಕುವುದು, ಒಂದು ಕಡೆಯ ಅಂಕಿಯನ್ನು ಇನ್ನೊಂದು ಕಡೆಗೆ ಮುಟ್ಟಿಸುವುದು, ಇಂಥದ್ದಕ್ಕೆಲ್ಲ ಬೇರೆಯವರು ಮಾಡಿಟ್ಟ ಫೈಲುಗಳನ್ನು ಕರೆಯುತ್ತದೆ. ಆ ಫೈಲುಗಳಿಗೆ ನಂಬರು ಇರುತ್ತದೆ. ಮಷಿನ್ನಿನ ತಂತ್ರಾಂಶವನ್ನು ಹಳೆಯ ನಂಬರಿನ ಮೇಲೆ ಕಟ್ಟಿದ್ದರು. ಅಂದು ಅವಳು ಹೂಂ ಎಂದು ಒತ್ತಿದಾಗ ಲಿನಕ್ಸು ಹಳೆಯದನ್ನು ತೆಗೆದು ಹೊಸ ನಂಬರಿನದನ್ನು ಇಟ್ಟಿತ್ತು. ಇದು ಗೊತ್ತಾದಾಗ ತನ್ನ ತಪ್ಪಿಗೆ ಎದೆ ಧಸಕ್ಕೆನ್ನಬೇಕಿತ್ತು ಎಂದು ಅವಳಿಗೆ ಅನಿಸಿತು. ಅನ್ನಲಿಲ್ಲ. ಪರದೆಯ ಮೇಲಿನ ಸಾಲನ್ನು ಇನ್ನೊಮ್ಮೆ ಓದಿದಳು.

ನೆಟ್ಟಿನಲ್ಲಿ ಹುಡುಕಿದರೆ ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಯಾರೋ ಒಬ್ಬನ ಉಪಾಯ ಸುಲಭವಾಗಿತ್ತು. ಹೊಸ ಫೈಲಿಗೆ ಹಳೆಯ ಹೆಸರಿನ ಒಂದು ಕೊಂಡಿ ಮಾಡಿಬಿಡಿ, ಹಳೆಯದನ್ನು ಕರೆದರೆ ಹೊಸದೇ ಬರುತ್ತದೆ, ತಂತ್ರಾಂಶಕ್ಕೆ ಗೊತ್ತೇ ಆಗುವುದಿಲ್ಲ. ಮೆಹರೀನ ಹಾಗೆಯೇ ಮಾಡಿದಳು. ತಂತ್ರಾಂಶ ತೆರೆಯಿತು. ಮಷಿನ್ನಿನ ಮೇಜಿನ ಚಿತ್ರ, ಹಸಿರು ಗೆರೆಗಳು, ತೌಹೀದ ದಿನವೂ ನೋಡುತ್ತಿದ್ದ ಅದೇ ಪರದೆ. ಸಾಬರು ಟೋಪಿ ಸರಿಮಾಡಿಕೊಂಡು ಹತ್ತಿರ ಬಂದರು. ಬಾಣದ ಗುಂಡಿ ಒತ್ತಿದರೆ ತೋಳು ಬಲಕ್ಕೆ ಸರಿಯಿತು, ಎಡಕ್ಕೆ ಸರಿಯಿತು. ಇಬ್ಬರೂ ಸೇರಿ ಸಾಗವಾನಿ ಹಲಗೆಯನ್ನು ಮೇಜಿನ ಮೇಲೆ ಹಾಕಿ ಬಿಗಿದರು. ಬಳ್ಳಿಯ ಫೈಲು ತೆರೆದು ಅವಳು ಚಾಲೂ ಒತ್ತಿದಳು.

ಮೊದಲ ಎಲೆ ಸರಿಯಾಗಿ ಬಂತು. ಎರಡನೆಯದಕ್ಕೆ ಹೋಗುವಾಗ ಬಿಟ್ಟು ಮೇಲೇಳಲಿಲ್ಲ. ಇಳಿದಲ್ಲೇ ಇನ್ನೂ ಇಳಿದು, ಮರವನ್ನು ಸೀಳುತ್ತ, ಬಳ್ಳಿಯನ್ನೂ ಅಂಚನ್ನೂ ಒಂದೇ ಗೆರೆಯಲ್ಲಿ ಹರಿದುಕೊಂಡು ಹೋಯಿತು. ಸುಟ್ಟ ಮರದ ಹೊಗೆ ಎದ್ದಿತು. ಮೆಹರೀನ ನೋಡುತ್ತಲೇ ಇದ್ದಳು. ಮಷಿನ್ನು ನಿಲ್ಲಿಸುವ ಕೆಂಪು ಗುಂಡಿ ಅವಳ ಕೈಗೆ ಹತ್ತಿರದಲ್ಲೇ ಇತ್ತು. ಆ ಕಡೆಯಿಂದ ಓಡಿಬಂದು ಅದನ್ನು ಗುದ್ದಿದವರು ಸಾಬರು.

ಮಷಿನ್ನು ನಿಂತಿತು. ಹಲಗೆಯ ನಡುವೆ ಬೆರಳು ಇಳಿಯುವಷ್ಟು ಆಳದ ಗಾಯ. ಆ ಹಲಗೆಯನ್ನು ತೌಹೀದ ಹೊಸಪೇಟೆಯ ಸಾಮಿಲ್ಲಿನಲ್ಲಿ ಅರ್ಧ ದಿನ ನಿಂತು ಆರಿಸಿದ್ದ, ಒಂದೂ ಗಂಟಿಲ್ಲದ್ದು. ಮುನ್ನೀ ಬೀ ಹೊಗೆಯ ವಾಸನೆಗೆ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಸಾಬರು ಗಾಯದ ಮೇಲೆ ಕೈಯಾಡಿಸಿ ಪುಡಿ ಒರೆಸಿದರು.

“ಕಟಿಗಿ ಹೋದ್ರ ಹೋತು,” ಎಂದರು. “ನೀ ಯಾಕ ಗುಂಡಿ ಒತ್ಲಿಲ್ಲ?”

“ಗೊತ್ತಿಲ್ಲ ಅಬ್ಬಾ.”

ಸಾಬರು ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಹಲಗೆಯ ಬಿಗಿತ ತಾವೇ ಬಿಚ್ಚಿದರು.

ಮರುದಿನ ಸಾಬರು ಹಿರೇಹಡಗಲಿಗೆ ಹೋಗಿ ನಡೆದದ್ದನ್ನು ಹೇಳಿ ಬರುವವರಿದ್ದರು. ಅಷ್ಟರಲ್ಲಿ ವೀರಭದ್ರಯ್ಯನವರೇ ಸಂತೆಗೆ ಬಂದವರು ಶೆಡ್ಡಿಗೆ ಬಂದರು. ವಿಭೂತಿ ಹಚ್ಚಿದ ಎತ್ತರದ ಮನುಷ್ಯ. ಸೀಳಿದ ಹಲಗೆಯನ್ನು ನೋಡಿದರು, ಮುಗಿದ ಕದವನ್ನೂ ನೋಡಿದರು. ತಮ್ಮ ಹಿತ್ತಲಿನಲ್ಲಿ ಅಪ್ಪನ ಕಾಲದ ಸಾಗವಾನಿ ದಿಮ್ಮಿ ಒಂದಿದೆ, ಕೊಯ್ಯಿಸಿ ಕಳಿಸುತ್ತೇನೆ ಎಂದರು. ಸಾಬರು ಬೇಡವೆಂದರೂ ಕೇಳಲಿಲ್ಲ. ಹೊರಡುವಾಗ ಮೆಹರೀನಳ ಕಡೆ ತಿರುಗಿದರು.

“ಯವ್ವಾ, ದೇವ್ರು ಒಂದು ಕದದಾಗೂ ಕುಂದರ್ತಾನ. ನಮ್ಮ ಕಣ್ಣಿಗೆ ಚಂದ ಕಾಣ್ಲಿ ಅಂತಷ್ಟ ಇನ್ನೊಂದು. ಅವಸರ ಮಾಡಬ್ಯಾಡ.”

ಅವಳು ಆಗಲಿ ಅಯ್ಯನೋರೆ ಎಂದಳು. ಅವರು ಹೋದ ಮೇಲೆ ಮಷಿನ್ನಿನ ಕಂಪ್ಯೂಟರಿಗೆ ಅಂಟಿಸಿದ್ದ ಚೀಟಿಯಲ್ಲಿನ ನಂಬರಿಗೆ ಫೋನು ಮಾಡಿದಳು. ಆ ತಂತ್ರಾಂಶ ಬರೆದವನು ಭೀಮರಾಜ. ಮಷಿನ್ನು ಮಾಡುವ ಕೆಲಸವನ್ನು ಅವನು ಯಾವಾಗಲೋ ಬಿಟ್ಟಿದ್ದ, ಈಗ ಹೊಸಪೇಟೆಯಲ್ಲಿ ಸೋಲಾರ್ ಪಂಪು ಕೂರಿಸುತ್ತಾನೆ. ಹಗರಿಬೊಮ್ಮನಹಳ್ಳಿಯಿಂದ ಎಂದ ಕೂಡಲೇ ಅವನ ದನಿ ಅರಳಿತು.

“ತೌಹೀದ್ ಭಾಯಿ ಮನಿಯವ್ರೇನ್ರಿ? ಅವ್ನಿಗೆ ಕೊಡ್ರಿ ಫೋನ್. ಅವ್ನಿಗಾದ್ರ ಅರ್ಧ ಹೇಳಿದ್ರ ಸಾಕು, ತಿಳ್ಕೊಂತಾನ.”

“ಅವ್ನು ತೀರ್ಕೊಂಡಾನ್ರಿ,” ಎಂದಳು ಮೆಹರೀನ. “ನಂಗ ಹೇಳ್ರಿ. ನಾ ಪೂರ್ತಿ ಕೇಳ್ತೀನಿ.”

ಆ ಕಡೆ ಬೀಳುತ್ತಿದ್ದ ಪಂಪಿನ ನೀರಿನ ಸದ್ದು ನಿಂತಿತು. ಆಮೇಲೆ ಭೀಮರಾಜ ಯಾವಾಗ, ಹೇಗೆ ಎಂದು ಕೇಳಿದ. ಅವಳು ಹೇಳಿದಳು, ರಸ್ತೆ, ಟ್ರ್ಯಾಕ್ಟರು, ದೀಪ ಇರಲಿಲ್ಲ. ಅಂಗಡಿಯಲ್ಲಿ ಬೇರೆಯವರ ಅರ್ಜಿ ಓದಿ ಹೇಳುವ ದನಿಯಲ್ಲೇ ಹೇಳಿದಳು. ಬಳಿಕ ಲೈಬ್ರರಿಯ ವಿಷಯಕ್ಕೆ ಬಂದಳು, ಹೆಸರಿನ ಕೊಂಡಿ ಹಾಕಿದ್ದನ್ನೂ ಹಲಗೆ ಸೀಳಿದ್ದನ್ನೂ ಬಿಡದೆ ಹೇಳಿದಳು.

“ಹೆಸರು ಒಂದಾದ್ರ ಒಳಗಿಂದೂ ಒಂದಾಗ್ತೈತೇನ್ರಿ?” ಎಂದ ಭೀಮರಾಜ, ಮೆಲ್ಲಗೆ. “ಹೊಸದ್ರಾಗ ಅಂಕಿ ಇಡೋ ಖಾನಿ ಅದಲು ಬದಲು ಮಾಡ್ಯಾರ. ಆಳದ ಅಂಕಿ ಇರೋ ಖಾನಿ ಅಂತ ನಾ ಬರ್ದಿದ್ದು ಕೈ ಹಾಕ್ತೈತಿ, ಅಲ್ಲಿ ಇರೋದು ಬ್ಯಾರೆ ಅಂಕಿ. ಆ ಅಂಕಿ ಹೇಳಿದಷ್ಟು ಮಷಿನ್ ಇಳೀತೈತಿ. ಮೊದ್ಲು ಆ ಕೊಂಡಿ ತಗೀರಿ.”

ಹೊಸ ಲೈಬ್ರರಿಗೆ ತಕ್ಕಂತೆ ತಂತ್ರಾಂಶವನ್ನು ಮತ್ತೆ ಕಟ್ಟೋಣವೆಂದರೆ ತಾನು ಬರೆದ ಅದರ ಮೂಲ ಬರಹ ತನ್ನ ಹತ್ತಿರ ಉಳಿದಿಲ್ಲ, ಹಳೆಯ ಡಿಸ್ಕು ಹಾಳಾಗಿದೆ ಎಂದ. ಲಿನಕ್ಸಿನವರು ಹಳೆಯ ನಂಬರುಗಳನ್ನೆಲ್ಲ ನೆಟ್ಟಿನಲ್ಲಿ ಒಂದು ಕಡೆ ಕೂಡಿಟ್ಟಿರುತ್ತಾರೆ, ಅಲ್ಲಿಂದ ಬೇಕಾದದ್ದನ್ನು ಮಾತ್ರ ತಂದು ಬೇರೆ ಫೋಲ್ಡರಿನಲ್ಲಿ ಇಡಬೇಕು. ಹೊಸದನ್ನು ಮುಟ್ಟಬಾರದು, ಉಳಿದ ಕಂಪ್ಯೂಟರೆಲ್ಲ ಅದರ ಮೇಲೆ ನಿಂತಿದೆ. ಮಷಿನ್ನಿನ ತಂತ್ರಾಂಶಕ್ಕೆ ಮಾತ್ರ, ನೀನು ಮೊದಲು ಈ ಫೋಲ್ಡರಿನಲ್ಲಿ ನೋಡು ಎಂದು ಹೇಳಿ ಚಾಲೂ ಮಾಡಬೇಕು. ಏನೇನು ಬೇಕೆಂದು ತಿಳಿಯುವ ಕಮಾಂಡನ್ನೂ ಹೇಳಿಕೊಟ್ಟ.

ಮೆಹರೀನ ಕೂತಳು. ಕಮಾಂಡು ಕೊಟ್ಟರೆ ಪರದೆಯ ತುಂಬ ಹೆಸರುಗಳು. ಹೆಚ್ಚಿನವುಗಳ ಮುಂದೆ ಅವು ಎಲ್ಲಿ ಸಿಕ್ಕವೆಂದು ಇತ್ತು, ಕೆಲವುಗಳ ಮುಂದೆ ಮಾತ್ರ ಸಿಗಲಿಲ್ಲ ಎಂದು. ಸಿಗದ ಒಂದನ್ನು ಹುಡುಕಿ ತಂದು ಇಟ್ಟರೆ, ಆ ಹಳೆಯದು ತನಗೆ ಇನ್ನೊಂದು ಹಳೆಯದು ಬೇಕೆನ್ನುತ್ತಿತ್ತು. ಅದನ್ನು ತಂದರೆ ಅದಕ್ಕೆ ಮತ್ತೊಂದು. ಒಂದು ಕಡೆ ಎರಡು ಲೈಬ್ರರಿಗಳು ಒಂದೇ ಹೆಸರಿನ ಬೇರೆ ಬೇರೆ ನಂಬರು ಕೇಳಿ ಪಟ್ಟು ಹಿಡಿದು ಕೂತವು. ಅವುಗಳಲ್ಲಿ ಒಂದರ ಹಿಂದಿನ ನಂಬರು ಹುಡುಕಿ ತಂದಾಗ ಜಗಳ ಬಿಟ್ಟವು. ಮುನ್ನೀ ಬೀ ಊಟ ತಂದಿಟ್ಟರೆ ತಿನ್ನುತ್ತಿದ್ದಳು, ಏನು ತಿಂದೆ ಎಂದು ಕೇಳಿದರೆ ಗೊತ್ತಿರುತ್ತಿರಲಿಲ್ಲ. ಆದರೆ ಪರದೆಯ ಮೇಲೆ ಏನು ತಪ್ಪಾಗಿದೆ, ಯಾಕೆ ತಪ್ಪಾಗಿದೆ ಎಂದು ಅದು ಹೇಳುತ್ತಿತ್ತು. ಕೇಳಿದ್ದಕ್ಕೆ ಉತ್ತರ ಸಿಗುವ ಜಾಗ ಅದೊಂದೇ. ಅದಕ್ಕೇ ಇರಬೇಕು, ಬೆಳಿಗ್ಗೆ ಎದ್ದ ಕೂಡಲೇ ಕಾಲು ಶೆಡ್ಡಿನ ಕಡೆಗೇ ಹೋಗುತ್ತಿತ್ತು.

ಕೊನೆಗೊಂದು ದಿನ ಕಮಾಂಡು ಕೊಟ್ಟಾಗ ಸಿಗಲಿಲ್ಲ ಎಂಬ ಸಾಲು ಒಂದೂ ಬರಲಿಲ್ಲ. ತಂತ್ರಾಂಶ ತೆರೆಯಿತು. ಈ ಸಲ ಅವಳು ಹಲಗೆ ಹಾಕಲಿಲ್ಲ. ಬಿಟ್ಟನ್ನು ಬಿಚ್ಚಿ, ಆ ಜಾಗಕ್ಕೆ ಒಂದು ಪೆನ್ನು ಕಟ್ಟಿ, ಮೇಜಿನ ಮೇಲೆ ರಟ್ಟು ಹಾಸಿದಳು. ಸಾಬರನ್ನು ಕೆಂಪು ಗುಂಡಿಯ ಹತ್ತಿರ ನಿಲ್ಲಿಸಿದಳು. ಪೆನ್ನು ಇಳಿಯಿತು, ಎಲೆ ಬರೆಯಿತು, ಎದ್ದಿತು, ಪಕ್ಕಕ್ಕೆ ಹೋಗಿ ಮತ್ತೆ ಇಳಿಯಿತು. ಬಳ್ಳಿ ಪೂರ್ತಿ ಬಂತು. ಮಾರನೆಯ ದಿನ ಬಿಟ್ಟನ್ನು ಮತ್ತೆ ಹಾಕಿ ಬೇವಿನ ತುಂಡಿನ ಮೇಲೆ ಓಡಿಸಿದರು. ಸಾಬರು ಎಲ್ಲ ಗೆರೆಗಳ ಆಳವನ್ನೂ ಉಗುರು ಹಾಕಿ ನೋಡಿ, ತೌಹೀದ ಮುಗಿಸಿದ್ದ ಕದದ ಪಕ್ಕ ಇಟ್ಟು ನೋಡಿ, ಆತು ಎಂದರು. ಲಿನಕ್ಸು ತಾನಾಗಿ ಹೊಸದು ಕೇಳದಂತೆ ಮೆಹರೀನ ಅದನ್ನು ಕಟ್ಟಿಹಾಕಿದಳು. ನೆಟ್ಟನ್ನು ಆ ಕಂಪ್ಯೂಟರಿಗೆ ಮತ್ತೆ ಕೊಡಲಿಲ್ಲ.

ಅಷ್ಟರಲ್ಲಿ ಹಿರೇಹಡಗಲಿಯಿಂದ ಹಲಗೆ ಬಂದಿತ್ತು. ಕದ ಮುಗಿಯಿತು. ಬಳ್ಳಿಯ ನಡುವಿನ ನವಿಲಿನ ಕಣ್ಣಿಗೆ ಸಾಬರು ಉಳಿ ಹಾಕುವಾಗ ಅವರ ಕಣ್ಣಿನಿಂದ ನೀರು ಮರದ ಪುಡಿಯ ಮೇಲೆ ಬೀಳುತ್ತಿತ್ತು. ಅವರು ಅದನ್ನು ಒರೆಸಿಕೊಳ್ಳದೆ ಕೆಲಸ ಮಾಡಿದರು. ಮೆಹರೀನ ದೀಪವನ್ನು ಹತ್ತಿರ ಹಿಡಿದು ನಿಂತಿದ್ದಳು. ಅಬ್ಬಾ ಅಳುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು, ಗೊತ್ತಾಗುವುದಷ್ಟೇ ಆಗುತ್ತಿತ್ತು.

ಬಾಗಿಲು ಕೂರಿಸಲು ಟೆಂಪೋದಲ್ಲಿ ಇಬ್ಬರೂ ಹೋದರು. ವೀರಭದ್ರಯ್ಯನವರ ಹೆಂಡತಿ ನಾಗಲಿಂಗಮ್ಮ ಕದಗಳಿಗೆ ಕುಂಕುಮ ಹಚ್ಚಿ, ಮೆಹರೀನಳಿಗೆ ಹೊಸ ಕುಪ್ಪಸದ ಬಟ್ಟೆ ಕೊಟ್ಟಳು. ಎರಡೂ ಕದಗಳನ್ನು ಮುಚ್ಚಿದಾಗ ನಡುವಿನ ಬಳ್ಳಿ ಗೆರೆಗೆ ಗೆರೆ ಕೂಡಿತು. ಯಾವುದು ತಮ್ಮ ಮಾಡಿದ್ದು ಎಂದು ನಾಗಲಿಂಗಮ್ಮ ಕೇಳಿದಳು. ಎಡಗಡೆಯದು ಎಂದು ಮೆಹರೀನ ತೋರಿಸಿದಳು. ನಾಗಲಿಂಗಮ್ಮ ಆ ಕದದ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟುಕೊಂಡಿದ್ದು ಒಳಗೆ ಹೋದಳು.

ಮೆಹರೀನ ಡಿಟಿಪಿ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮಷಿನ್ನಿನ ಮುಂದೆಯೇ ಉಳಿದಳು. ಮುಂದಿನ ಬೇಸಿಗೆಯ ಹೊತ್ತಿಗೆ ಅವಳ ಹೆಸರು ಅಕ್ಕಪಕ್ಕದ ಬಡಗಿಗಳಿಗೆ ಗೊತ್ತಾಗಿತ್ತು. ಕೂಡ್ಲಿಗಿಯಿಂದ ಯರ್ರೆಪ್ಪ ಎಂಬವನು ಫೋನು ಮಾಡಿದ. ಅವನದೂ ಇಂಥದ್ದೇ ಮಷಿನ್ನು, ಅವನಿಗೂ ಇದೇ ತೊಂದರೆ. ಭೀಮರಾಜನೇ ಅವಳ ನಂಬರು ಕೊಟ್ಟಿದ್ದನಂತೆ. ಹೆಸರಿನ ಕೊಂಡಿ ಗಿಂಡಿ ಹಾಕಬೇಡಿ, ಹಾಗೇ ಇಡಿ ಎಂದು ಹೇಳಿ, ಹಳೆಯ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬೆಳಗಿನ ಬಸ್ಸಿಗೆ ಹೋದಳು.

ಅಲ್ಲಿನ ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು. ಯರ್ರೆಪ್ಪನ ಹೆಂಡತಿ ಸುಂಕಮ್ಮ ಊಟ ಮಾಡದೆ ಬಿಡಲಿಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಬಡಿಸಿ ಎದುರಿಗೇ ಕೂತು, ಅಪ್ಪ ಅಮ್ಮ ಹೇಗಿದ್ದಾರೆ, ಮನೆ ಎಲ್ಲಿ ಎಂದು ಒಂದೊಂದೇ ಕೇಳಿದಳು. ತೌಹೀದನ ಸಾವಿನ ಸುದ್ದಿ ಸುಂಕಮ್ಮನಿಗೆ ತಿಳಿದಿರಲಿಲ್ಲ.

“ಮಕ್ಕಳು ನೀವು ಎಷ್ಟು ಮಂದಿ ಅದೀರವ್ವ?”

“ಇಬ್ಬರ್ರಿ. ನಾನು, ನನ್ನ ತಮ್ಮ.”

“ತಮ್ಮ ಏನ್ ಮಾಡ್ತಾನ?”

“ಮಷಿನ್ ನಡಸ್ತಾನ್ರಿ,” ಎಂದಳು ಮೆಹರೀನ.

ಸುಂಕಮ್ಮ ಚಲೋ ಆತು ಎನ್ನುತ್ತ ಇನ್ನೊಂದು ರೊಟ್ಟಿ ಹಾಕಲು ಬಗ್ಗಿದಳು. ಸಾಕು ಎನ್ನಲು ಮೆಹರೀನ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ಸುಂಕಮ್ಮ ಹಿಂದೆ ಸರಿದರೂ ಕೈ ಅಲ್ಲೇ ಉಳಿಯಿತು. ಅದು ಬೇರೆ ಯಾರದೋ ಕೈ ಎಂಬಂತೆ ಅವಳು ಅದನ್ನೇ ನೋಡಿದಳು. ಹಿಂದಕ್ಕೆ ತೆಗೆದುಕೊಳ್ಳಲು ಹೋದರೆ ಬರಲಿಲ್ಲ. ಸುಂಕಮ್ಮ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತಳು. ಒಳಗೆ ಯರ್ರೆಪ್ಪನ ಮಷಿನ್ನು ಯಾವುದೋ ಹಲಗೆಯ ಮೇಲೆ ಓಡಾಡುತ್ತಿತ್ತು.